ಹುಣಸೆಯ ಆಮ್ಲ ಏಕೆ ಪ್ರಬಲ?

ನಮ್ಮ ತುಮಕೂರು ಸೀಮೆಯ ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲಕ್ಕೂ ವಿನೆಗರ್‌ನ ಅಸಿಟಿಕ್ ಆಮ್ಲಕ್ಕೂ ಪ್ರೋಟಾನ್ (H⁺) ಬಿಟ್ಟುಕೊಡುವ ಕಾರ್ಬಾಕ್ಸಿಲ್ (COOH) ಗುಂಪೇ ಆಧಾರವಾಗಿರುವಾಗ ಮೊದಲನೆಯದು ಹೆಚ್ಚು ಪ್ರಬಲವೇಕೆ ಎಂದು ಕೇಳಿದ್ದೀರಿ. ಬಹಳ ಒಳ್ಳೆಯ ಪ್ರಶ್ನೆ. ಪ್ರೋಟಾನ್ ಬಿಟ್ಟುಕೊಟ್ಟ ಮೇಲೆ ಉಳಿಯುವ ಋಣ ಅಯಾನು ಎಷ್ಟು ಸ್ಥಿರ ಎಂಬುದನ್ನೇ ಮೊದಲು ನೋಡಬೇಕು; ಅದು ಸ್ಥಿರವಾದಷ್ಟೂ ಆಮ್ಲ ಪ್ರಬಲ. ಅನುರಣನದ, ಅಂದರೆ ಋಣ ವಿದ್ಯುದಂಶ ಕಾರ್ಬಾಕ್ಸಿಲ್‌ನ ಎರಡು ಆಕ್ಸಿಜನ್‌ಗಳ ನಡುವೆ ಹಂಚಿಹೋಗುವುದರ, ನೆರವು ಎರಡಕ್ಕೂ ಉಂಟು. ವ್ಯತ್ಯಾಸವಿರುವುದು ಪಕ್ಕದ ಕಾರ್ಬನ್ನಿನಲ್ಲಿ. ಅಸಿಟಿಕ್ ಆಮ್ಲದಲ್ಲಿ ಅದು ಬರಿಯ ಮೀಥೈಲ್ ಗುಂಪು. ಟಾರ್ಟಾರಿಕ್ ಆಮ್ಲದಲ್ಲಾದರೋ ಆ ಕಾರ್ಬನ್ನಿಗೆ ಸೇರಿದ ಹೈಡ್ರಾಕ್ಸಿಲ್ (OH) ಗುಂಪಿನ ಆಕ್ಸಿಜನ್ನೂ ಆಚೆ ತುದಿಯ ಕಾರ್ಬಾಕ್ಸಿಲ್ ಗುಂಪೂ ಬಂಧಗಳ ಮೂಲಕ ಎಲೆಕ್ಟ್ರಾನುಗಳನ್ನು ತಮ್ಮೆಡೆಗೆ ಸೆಳೆದು ಋಣ ವಿದ್ಯುದಂಶವನ್ನು ಹಗುರಗೊಳಿಸುತ್ತವೆ. ಹಾಗಾಗಿಯೇ ಅಸಿಟಿಕ್ ಆಮ್ಲದ ಪಿಕೆಎ (ಆಮ್ಲದ ಬಲ ಸೂಚಿಸುವ ಅಂಕಿ; ಅದು ಕಡಿಮೆಯಾದಷ್ಟೂ ಆಮ್ಲ ಪ್ರಬಲ) 4.76, ಒಂದೇ ಹೈಡ್ರಾಕ್ಸಿಲ್ ಇರುವ ಲ್ಯಾಕ್ಟಿಕ್ ಆಮ್ಲದ್ದು 3.86, ಟಾರ್ಟಾರಿಕ್ ಆಮ್ಲದ ಮೊದಲ ಪ್ರೋಟಾನಿನದು ಸುಮಾರು 3. ದೂರ ಹೆಚ್ಚಿದಂತೆ ಈ ಸೆಳೆತ ಬೇಗನೆ ಕ್ಷೀಣಿಸುತ್ತದೆ ಎಂಬುದನ್ನೂ ಗಮನಿಸಿ: ನಾಲ್ಕು ಕಾರ್ಬನ್ನಿನ ಬ್ಯುಟನೋಯಿಕ್ ಆಮ್ಲದಲ್ಲಿ (ಕಾರ್ಬಾಕ್ಸಿಲ್‌ನದೇ 1ನೇ ಕಾರ್ಬನ್) ಎಲೆಕ್ಟ್ರಾನ್ ಸೆಳೆಯುವ ಕ್ಲೋರಿನ್ 2ನೇ ಕಾರ್ಬನ್ನಿನಲ್ಲಿದ್ದರೆ ಪಿಕೆಎ ಸುಮಾರು 2.9, 4ನೆಯದಕ್ಕೆ ಸರಿದರೆ ಸುಮಾರು 4.5.