ಕಂಬಳಿ ಚುಚ್ತೈತಿ ಅಂತ ಮಗ ಅಳ್ತಾನ, ನನಗ್ಯಾಕ ಚುಚ್ಚಂಗಿಲ್ಲ?

ಪ್ರಶ್ನೆ: ನಮಸ್ಕಾರ್ರಿ ಡಾಕ್ಟರ್. ನಾವು ಬಾಗಲಕೋಟೆ ಕಡೆಯವ್ರು, ಮಗಗ ಆರು ವರ್ಷ. ಥಂಡಿ ಬಂತಂದ್ರ ಅವನ ಅಜ್ಜನ ಕರಿ ಕಂಬಳಿ ಹೊಚ್ತೀನಿ, ಹೊಚ್ಚಿದ ಕೂಡ್ಲೇ ಒದ್ದು ಎದ್ದು ಕೂಡ್ತಾನ, ಚುಚ್ತೈತಿ ಅಂತ ಅಳ್ತಾನ. ನಾ ಕೈಯಾಡ್ಸಿ ನೋಡಿದ್ರ ಏನೂ ಚುಚ್ಚಂಗಿಲ್ಲ. ಅಂಗಿ ಕಾಲರಿನ ಲೇಬಲ್ ಕತ್ತರಿಸಿ ಕೊಡ್ಬೇಕು, ಬೆಂಡಿಕಾಯಿ ಲೋಳಿ ಅಂತ ಮುಟ್ಟಂಗಿಲ್ಲ. ನನ್ನ ಹಳೇ ಇಳಕಲ್ ಸೀರಿ ಸೆರಗು ಮಾತ್ರ ಮಾರಿಗೆ ಒತ್ಕೊಂಡು ಮಲಗ್ತಾನ. ಮನ್ಯಾಗ ಎಲ್ಲಾರೂ ಹಠ ಅಂತಾರ. ಹೌದೇನ್ರಿ?

ಉತ್ತರ: ಹಠ ಅಲ್ರಿ ತಾಯಿ. ಅವಗ ಖರೇನ ಚುಚ್ತೈತಿ.

ನೀವು ಕೈಯಾಡ್ಸಿ ನೋಡಿದ್ರಿ ನೋಡ್ರಿ, ಎಲ್ಲಾ ಇರೋದು ಅಲ್ಲೇ. ಅಂಗೈ ಚರ್ಮ ದಪ್ಪ, ಅಲ್ಲಿ ಕೂದಲಿಲ್ಲ, ಹಂಗಾಗಿ ಅಲ್ಲಿ ಚುಚ್ಚೋದು ಗೊತ್ತಾಗಂಗಿಲ್ಲ. ಇವತ್ತ ರಾತ್ರಿ ಅದೇ ಕಂಬಳಿ ಅಂಚನ್ನ ನಿಮ್ಮ ಮೊಣಕೈ ಒಳಮಗ್ಗಲಿಗೆ, ಆಮ್ಯಾಲೆ ಕುತ್ತಿಗಿಗೆ ಒತ್ತಿ ಸ್ವಲ್ಪ ಹೊತ್ತು ಹಿಡೀರಿ. ಆಗ ಗೊತ್ತಾಗ್ತೈತಿ. ಉಣ್ಣಿ ಎಳಿ ಸುಮಾರು 30 ಮೈಕ್ರಾನ್‌ಗಿಂತ ದಪ್ಪ ಇದ್ರ (ಒಂದು ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಾಗಿನ ಒಂದ್ ಪಾಲು) ಬಟ್ಟಿ ಮ್ಯಾಲೆ ಎದ್ದಿರೋ ಅದರ ತುದಿ ಚರ್ಮಕ್ಕ ತಾಗಿದಾಗ ಬಾಗಂಗಿಲ್ಲ, ಸಣ್ಣ ಸೂಜಿ ಹಂಗ ನೆಟ್ಟಗ ಒತ್ತಿ ನೋವಿನ ನರ ಎಬ್ಬಿಸ್ತೈತಿ. ಸಣ್ಣ ಎಳಿ ಆದ್ರ ಬಾಗಿ ಮಲಗಿಬಿಡ್ತೈತಿ, ಗೊತ್ತೇ ಆಗಂಗಿಲ್ಲ. ನಮ್ಮ ದಖ್ಖನಿ ಕುರಿ ಉಣ್ಣಿ ದಪ್ಪಂದು, ಅದರ ಮ್ಯಾಲೆ ಹುಣಸಿಬೀಜದ ಗಂಜಿ ಹಾಕಿ ಬಿರುಸು ಮಾಡಿರ್ತಾರ. ಮಳಿಗೆ, ಹೊಲಕ್ಕ ಅದರಷ್ಟು ಚಲೋದು ಇನ್ನೊಂದಿಲ್ಲ, ಆದ್ರ ಬರಿಮೈಗೆ ಸಣ್ಣ ಕೂಸಿಗೆ ಕಷ್ಟ. ಮೈ ಬೆವತ್ರಂತೂ ಚರ್ಮ ಮೆತ್ತಗಾಗಿ ಇನ್ನೂ ಜಾಸ್ತಿ ಚುಚ್ತೈತಿ. ಇದನ್ನ ಬಾಳ ಮಂದಿ ಅಲರ್ಜಿ ಅಂತ ತಿಳ್ಕೊಂತಾರ, ಸಾಮಾನ್ಯವಾಗಿ ಅಲರ್ಜಿ ಅಲ್ಲ.

ಇನ್ನ ಸೆರಗಿನ ಮಾತು. ಇಳಕಲ್ ಸೀರಿ ಒಡಲು ಹತ್ತಿದಿದ್ರೂ ಸೆರಗಿಗೆ ರೇಷ್ಮಿ ಇಲ್ಲಾ ಆರ್ಟ್ ಸಿಲ್ಕ್ (ಕೃತಕ ರೇಷ್ಮಿ) ಹಾಕಿ ಟೋಪಿ ತೆನಿ ಅನ್ನೋ ಕೊಂಡಿಗಳಿಂದ ಒಡಲಿಗೆ ಕೂಡಿಸಿರ್ತಾರಲ್ಲ, ಖರೇ ರೇಷ್ಮಿ ಆದ್ರ ಅದರ ಎಳಿ ಗೂಡಿನಿಂದ ನೂರಾರು ಮೀಟರ್ ಒಂದೇ ಸಮ ಬಿಚ್ಚಿ ಬಂದದ್ದು, ಹಂಗಾಗಿ ಮ್ಯಾಲೆ ಎದ್ದು ಚುಚ್ಚೋ ತುದಿನ ಕಡಿಮಿ. ವರ್ಷಗಟ್ಟಲೆ ಒಗದು ಒಗದು ಗಂಜಿ ಹೋಗಿ ಇನ್ನೂ ಮೆತ್ತಗಾಗಿರ್ತೈತಿ, ಮ್ಯಾಲೆ ನಿಮ್ಮ ವಾಸನಿ ಬ್ಯಾರೆ.

ನನಗ ಬಾಳ ಪ್ರೀತಿಯ ವಿಷಯ ಒಂದೈತಿ, ಹೇಳ್ಲೇಬೇಕು. ಕೂದಲಿರೋ ಚರ್ಮದಾಗ, ಅಂದ್ರ ತೋಳು, ಬೆನ್ನು, ಮಾರಿ ಮ್ಯಾಲೆ, ಹಿತವಾದ ಸವರಿಕಿಗೆ ಅಂತನ ಬ್ಯಾರೆ ನರ ಅದಾವ. ಸಿ-ಟ್ಯಾಕ್ಟೈಲ್ ಅಂತಾರ, ಸ್ವೀಡನ್ನಿನ ಗೋಥೆನ್‌ಬರ್ಗ್ ಸಂಶೋಧಕರು ಇವುಗಳ ಮ್ಯಾಲೆ ಬಾಳ ಕೆಲಸ ಮಾಡ್ಯಾರ. ಇವು ಸುದ್ದಿ ಒಯ್ಯೋದು ಸೆಕೆಂಡಿಗೆ ಒಂದು ಮೀಟರಿನಷ್ಟು ನಿಧಾನ, ಮಾಮೂಲಿ ಮುಟ್ಟಿದ್ದನ್ನ ಹೇಳೋ ನರ ಆದ್ರ ಹತ್ತಾರು ಮೀಟರ್ ಓಡ್ತಾವ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಾಗ, ಕೈಯಷ್ಟೇ ಬೆಚ್ಚಗಿರೋದು ಸವರಿದ್ರ ಇವು ಹೆಚ್ಚು ಎಚ್ಚರಾಗ್ತಾವ. ಕೂಸಿನ ಬೆನ್ನು ಸವರಿ ಮಲಗಿಸೋ ತಾಯಿ ಕೈ ಯಾರೂ ಹೇಳಿಕೊಡದೇ ಅದೇ ವೇಗದಾಗ ಹೋಗ್ತೈತಿ! ಅಂದ್ರ ನಿಮ್ಮ ಮಗಗ ಕಂಬಳಿ ಚುಚ್ಚೋ ಜಾಗಾನೂ ಸೆರಗು ಹಿತ ಅನ್ಸೋ ಜಾಗಾನೂ ಒಂದೇ.

ಬೆಂಡಿಕಾಯಿದು ಬ್ಯಾರೆ. ನಮ್ಮ ಚರ್ಮದಾಗ ಹಸಿ ಅನ್ನೋದನ್ನ ಹೇಳೋ ನರಾನ ಇಲ್ಲ, ತಂಪು, ಒತ್ತು, ಜಾರಿಕಿ ಕೂಡಿಸಿ ಮೆದುಳು ಹಸಿ ಅಂತೈತಿ. ಲೋಳಿ ಅಂದ ಕೂಡ್ಲೇ ಕೊಳೆತದ್ದು ಅನ್ನೋ ಹೇಸಿಗಿ ಬರೋದೂ ಸಹಜ. ಕರಕರ ಹುರಿದು ಕೊಟ್ಟು ನೋಡ್ರಿ.

ರಾತ್ರಿ ಕಂಬಳಿ ತಗೀಬೇಕಂತಿಲ್ಲ. ಹಳೇ ಸೀರಿ ಹೊಲಿದು ಮಾಡಿದ ಕೌದಿ ಮನ್ಯಾಗ ಇದ್ದ ಇರ್ತೈತಿ, ಅದನ್ನ ಮೈಗೆ ಹೊಚ್ಚಿ ಅದರ ಮ್ಯಾಲೆ ಕಂಬಳಿ ಹಾಕ್ರಿ, ತುಂಬು ತೋಳಿನ ಅಂಗಿ ಹಾಕ್ರಿ. ಬಲವಂತಲೇ ಹೊಚ್ಚಬ್ಯಾಡ್ರಿ, ಹೆದರಿಕಿ ಕೂಡಿದ್ರ ಅದೇ ಬಟ್ಟಿ ಇನ್ನಷ್ಟು ಚುಚ್ತೈತಿ. ಜಳಕ, ತಲಿ ಬಾಚೋದು, ಚಪ್ಲಿ, ಊಟ ಎಲ್ಲಾದಕ್ಕೂ ಹಿಂಗ ಅತ್ತು ದಿನಾ ಶಾಲಿಗೆ ಹೋಗೋದೂ ತ್ರಾಸಾದ್ರ, ಮಾತು ಆಟದಾಗೂ ಹಿಂದ ಬಿದ್ದಿದ್ರ, ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸ್ರಿ. ಲೇಬಲ್ ಮಾತ್ರ ಕತ್ತರಿಲೇ ಕತ್ತರಿಸಬ್ಯಾಡ್ರಿ, ಉಳಿದ ಮೋಟು ಅಂಚು ಮೊದಲಿಗಿಂತ ಜಾಸ್ತಿ ಕುತ್ತಿಗಿಗೆ ತಾಗ್ತೈತಿ, ಹೊಲಿಗಿ ಬಿಚ್ಚಿ ಪೂರ್ತಿ ತಗೀರಿ.