ಪದ ಕೇಳಿ: ಸಾಲ ಇಲ್ಲದ ಜಾಗದಲ್ಲೂ ‘ಎನ್‌ಕಂಬ್ರೆನ್ಸ್’ ಇರಬಹುದು

ಪ್ರಶ್ನೆ: ಟೀಚರ್, ನಮಸ್ಕಾರ. ಅಪ್ಪ ಬದಿಯಡ್ಕದ ಹತ್ತಿರ 15 ಸೆಂಟ್ಸ್ ಜಾಗ ತೆಗೆದುಕೊಳ್ಳುತ್ತಿದ್ದಾರೆ. ಮಾರುವವರು ಮುಂಬೈಯಲ್ಲಿದ್ದಾರೆ. ಅವರು ಕಳಿಸಿದ ಕರಾರಿನ ಕರಡು ಇಂಗ್ಲಿಷಿನಲ್ಲಿದೆ. ಅದರಲ್ಲಿ ‘ಫ್ರೀ ಫ್ರಮ್ ಆಲ್ ಎನ್‌ಕಂಬ್ರೆನ್ಸಸ್’ ಅಂತ ಇದೆ. ಮೊಬೈಲಿನಲ್ಲಿ ಹುಡುಕಿದರೆ ‘ಋಣಭಾರ’ ಅಂತ ಬಂತು. ಜಾಗದ ಮೇಲೆ ಸಾಲ ಇಲ್ಲವಂತೆ ಅಂತ ಅಪ್ಪನಿಗೆ ಹೇಳಿದೆ. ಸರಿಯಾ? ಇನ್ನೊಂದು ಕಡೆ ಇದೇ ಪದ ‘ಐ’ ಅಕ್ಷರದಿಂದ ಶುರುವಾಗಿತ್ತು. ಯಾವುದು ತಪ್ಪು?

ಉತ್ತರ: ನೀವು ಹೇಳಿದ್ದು ಅರ್ಧ ಸರಿ. ಉಳಿದ ಅರ್ಧವನ್ನು ಕರಾರಿಗೆ ಸಹಿ ಹಾಕುವ ಮೊದಲೇ ಅಪ್ಪನಿಗೆ ಹೇಳಿಬಿಡಿ.

ಹತ್ತು ವರ್ಷದ ಹಿಂದೆ ನಾನೂ ಇದೇ ಉತ್ತರ ಕೊಟ್ಟಿದ್ದೆ. ನನ್ನ ತಂಗಿಯ ಮನೆಯವರು 18 ಸೆಂಟ್ಸ್ ಜಾಗ ನೋಡಿದ್ದರು. ಅಕ್ಕ ಇಂಗ್ಲಿಷ್ ಟೀಚರ್ ಅಲ್ವಾ, ಓದಿ ಹೇಳಲಿ ಅಂತ ಕಾಗದ ತಂದರು. ‘ಸಾಲ ಏನೂ ಇಲ್ಲ ಅಂತ ಬರೆದಿದ್ದಾರೆ, ಧೈರ್ಯವಾಗಿ ತೆಗೆದುಕೊಳ್ಳಿ’ ಎಂದೆ. ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ತಂದ ಕುಡಿಕಡ ಸರ್ಟಿಫಿಕೇಟಿನಲ್ಲೂ (ಎನ್‌ಕಂಬ್ರೆನ್ಸ್ ಸರ್ಟಿಫಿಕೇಟಿಗೆ ಕೇರಳದಲ್ಲಿ ಹೇಳುವ ಹೆಸರು) ಏನೂ ಇರಲಿಲ್ಲ. ರಿಜಿಸ್ಟ್ರಿ ಆಯಿತು. ತಂತಿಬೇಲಿ ಹಾಕಲು ಕಂಬ ಇಳಿಸಿದ ದಿನ ಹಿಂದಿನ ಮನೆಯ ಅಜ್ಜ ಬಂದು ನಿಂತರು. ‘ಈ ದಾರಿಯಲ್ಲೇ ನಾವು ಅಡಿಕೆ ಹೊತ್ತದ್ದು, ನಮ್ಮ ಅಪ್ಪನೂ ಹೊತ್ತದ್ದು’ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಬೇರೆಯವರ ಜಾಗದಲ್ಲಿರುವ ದಾರಿಯನ್ನು 20 ವರ್ಷ ಎಲ್ಲರಿಗೂ ಕಾಣುವಂತೆ, ಅಡ್ಡಿಯಿಲ್ಲದೆ, ತನ್ನ ಹಕ್ಕೆಂದೇ ಬಳಸಿದವರಿಗೆ 1882ರ ಈಸ್‌ಮೆಂಟ್ ಕಾಯ್ದೆ ಹಕ್ಕು ಕೊಡುತ್ತದೆ. ಕೊನೆಗೆ ಮೂರು ಅಡಿ ದಾರಿ ಬಿಟ್ಟು ಬೇಲಿ ಹಾಕಿದರು. ತಂಗಿ ಏನೂ ಹೇಳಲಿಲ್ಲ. ನನಗೆ ಮಾತ್ರ ಬಹಳ ದಿನ ಬೇಜಾರಿತ್ತು. ಆ ಅಜ್ಜನ ದಾರಿಯೂ ಎನ್‌ಕಂಬ್ರೆನ್ಸೇ. ಅದರಲ್ಲಿ ಒಂದು ರೂಪಾಯಿ ಸಾಲವಿಲ್ಲ.

ಈ ಪದದ ಬೇರು ಹಳೆಯ ಫ್ರೆಂಚಿನಲ್ಲಿದೆ. ಅಲ್ಲಿ ‘ಕೊಂಬ್ರ್’ ಅಂದರೆ ಹೊಳೆಗೆ ಅಡ್ಡ ಹಾಕಿದ ತಡೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏತಡ್ಕದಲ್ಲಿ ಮಳೆಗಾಲ ಮುಗಿದ ಮೇಲೆ ಕಲ್ಲು ಮಣ್ಣು ಹಾಕಿ ತೋಡಿಗೆ ಕಟ್ಟ ಕಟ್ಟುವುದನ್ನು ನೋಡಿದ್ದೀರಲ್ಲ, ಅದೇ ಚಿತ್ರ. ತೋಟಕ್ಕೆ ಕಟ್ಟದಿಂದ ಉಪಕಾರ. ಆದರೆ ಹರಿಯುವ ನೀರಿನ ಕಡೆಯಿಂದ ನೋಡಿ: ಅದಕ್ಕೆ ಇನ್ನು ತನ್ನಿಷ್ಟದಂತೆ ಹೋಗಲು ಆಗದು. ಜಾಗವೂ ಹಾಗೇ. ಜಾಗ ನಿಮ್ಮದೇ, ಆದರೆ ಬೇರೆ ಯಾರದೋ ಹಕ್ಕು ಅಡ್ಡ ನಿಂತಿದೆ. ಅದೇ ಎನ್‌ಕಂಬ್ರೆನ್ಸ್.

ಬ್ಯಾಂಕಿನ ಅಡಮಾನ, ಸಹಕಾರಿ ಬ್ಯಾಂಕಿನ ಗಹಾನ್ (ಸಾಲಕ್ಕೆ ಜಾಗವನ್ನು ಹೊಣೆಯಾಗಿಡುವ ಪತ್ರ), ಕೋರ್ಟಿನ ಜಪ್ತಿ, ಲೀಸಿಗೆ ಕೊಟ್ಟದ್ದು, ದಾರಿಯ ಹಕ್ಕು, ನೀರಿನ ಹಕ್ಕು ಎಲ್ಲವೂ ಇದರೊಳಗೆ ಬರುತ್ತವೆ. ‘ಋಣಭಾರ’ ಅಂದ ಕೂಡಲೇ ನಮ್ಮ ಮನಸ್ಸು ಸಾಲದ ಕಡೆಗೇ ಹೋಗುತ್ತದೆ. ‘ಕುಡಿಕಡ’ದಲ್ಲೂ ‘ಕಡ’ವೇ ಕೇಳಿಸುತ್ತದೆ. ನನಗೆ ಕೇಳಿದರೆ ‘ಜಾಗದ ಮೇಲಿನ ಬೇರೆಯವರ ಹಕ್ಕು’ ಎಂದು ನಾಲ್ಕು ಮಾತಿನಲ್ಲಿ ಹೇಳುವುದೇ ಮೇಲು.

ಸರ್ಟಿಫಿಕೇಟನ್ನು ನಂಬಬಾರದು ಅಂತಲ್ಲ. ನೀವು ಕೇಳಿದಷ್ಟು ವರ್ಷಗಳಲ್ಲಿ ರಿಜಿಸ್ಟರ್ ಆದದ್ದನ್ನು ಅದು ತೋರಿಸುತ್ತದೆ, ಅಷ್ಟೇ. ನಡೆದು ನಡೆದು ಆದ ದಾರಿ ಅದರಲ್ಲಿ ಬರುವುದಿಲ್ಲ. ಆಧಾರವನ್ನೇ, ಅಂದರೆ ಜಾಗದ ಹಕ್ಕುಪತ್ರವನ್ನೇ, ಬ್ಯಾಂಕಿನಲ್ಲಿಟ್ಟು ತೆಗೆದ ಸಾಲವೂ ಕೆಲವು ಸಲ ಕಾಣುವುದಿಲ್ಲ. ಹಾಗಾಗಿ ಅಸಲು ಆಧಾರವನ್ನು ತರಿಸಿ ನೋಡಲು ಹೇಳಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಜಾಗಕ್ಕೆ ಹೋಗಿ ಯಾರು ಯಾವ ಕಡೆಯಿಂದ ನಡೆಯುತ್ತಾರೆ ನೋಡಿ. ಪಕ್ಕದ ಮನೆಯವರ ಹತ್ತಿರ ಸುಮ್ನೆ ಮಾತಾಡಿ. ಕರಾರನ್ನು ವಕೀಲರಿಗೂ ಒಮ್ಮೆ ತೋರಿಸಿ.

ಸ್ಪೆಲ್ಲಿಂಗ್‌ನಲ್ಲಿ ಎರಡೂ ತಪ್ಪಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ‘ಐ’ ಅಕ್ಷರದಿಂದಲೇ ಬರೆದಿದ್ದಾರೆ. ಅದರ 55ನೇ ಸೆಕ್ಷನ್ ನೋಡಿ. ಎನ್‌ಕಂಬ್ರೆನ್ಸ್ ಇಟ್ಟುಕೊಂಡೇ ಮಾರುವುದು ಅಂತ ಮಾತಾಗಿಲ್ಲದಿದ್ದರೆ, ಇರುವುದನ್ನೆಲ್ಲ ತೀರಿಸುವುದು ಮಾರುವವರ ಕೆಲಸ ಅಂತ ಅಲ್ಲಿದೆ. ಈಗ ‘ಇ’ ಅಕ್ಷರದ ರೂಪವೇ ಜಾಸ್ತಿ. ‘ಬಿ’ ಆದ ಮೇಲೆ ನೇರ ‘ಆರ್’ ಬರಬೇಕು. ನಡುವೆ ‘ಇ’ ಸೇರಿಸಿದರೆ ತಪ್ಪು. ನನ್ನ ಮಕ್ಕಳು, ಅಂದರೆ ಶಾಲೆಯ ಮಕ್ಕಳು, ಎಡವುತ್ತಿದ್ದದ್ದು ಅಲ್ಲೇ. ಹೇಳುವಾಗ ಒತ್ತು ‘ಕಂ’ ಮೇಲೆ.

ಬಳಸುವುದು ಹೀಗೆ: ‘ದೇರ್ ಈಸ್ ಆ್ಯನ್ ಎನ್‌ಕಂಬ್ರೆನ್ಸ್ ಆನ್ ದಿಸ್ ಲ್ಯಾಂಡ್.’ ಜಾಗದ ‘ಮೇಲೆ’, ಅದಕ್ಕೇ ‘ಆನ್’. ಗೆಳತಿಯಿಂದ ಎರಡು ಸಾವಿರ ಕೈಸಾಲ ತೆಗೆದು ‘ನನಗೆ ಎನ್‌ಕಂಬ್ರೆನ್ಸ್ ಇದೆ’ ಎನ್ನಬಾರದು. ಅದು ಬರೀ ಸಾಲ, ಯಾವ ಆಸ್ತಿಗೂ ಅಂಟಿಕೊಂಡಿಲ್ಲ. ಇದೇ ಬೇರಿನ ‘ಕಂಬರ್‌ಸಮ್’ ಮಾತ್ರ ದಿನಬಳಕೆಯದು. ಹೊರಲು, ಎತ್ತಲು, ತಿರುಗಿಸಲು ತ್ರಾಸಾಗುವ ಯಾವುದಕ್ಕೂ ಹೇಳಬಹುದು.

ಪ್ರಶ್ನೆ: ಚುನಾವಣೆ ಸುದ್ದಿಯ ‘ಇನ್‌ಕಂಬೆಂಟ್’ ಇದರ ಸಂಬಂಧಿಯೇ? (ಮಂಜೇಶ್ವರದ ಓದುಗರು)

ಉತ್ತರ: ಅಲ್ಲ. ಕಿವಿಗೆ ಮಾತ್ರ ಹತ್ತಿರ. ಅದು ‘ಮೇಲೆ ಒರಗು’ ಎನ್ನುವ ಲ್ಯಾಟಿನ್ ಮಾತಿನಿಂದ ಬಂದದ್ದು. ಈಗ ಆ ಕುರ್ಚಿಯಲ್ಲಿ ಇರುವವರು ಇನ್‌ಕಂಬೆಂಟ್. ‘ಇಟ್ ಈಸ್ ಇನ್‌ಕಂಬೆಂಟ್ ಅಪಾನ್ ಅಸ್’ ಅಂದರೆ ಅದು ನಮ್ಮ ಮೇಲಿರುವ ಕರ್ತವ್ಯ.