ಮೂರನೇ ಅಧ್ಯಾಯದಿಂದ ಶುರು ಮಾಡಿ

ಪ್ರಿಯ ಲೇಖಕರೇ,

ನಿಮ್ಮ ಸಾಹಸ ಕಾದಂಬರಿಯ ಮೊದಲ ಮೂರು ಅಧ್ಯಾಯ ಓದಿದೆ. ಹಳೆಯ ಇಂಗ್ಲಿಷ್ ಸಾಹಸ ಕಥೆಗಳ ಮೇಲಿನ ಪ್ರೀತಿಯಿಂದ ಬರೆದಿದ್ದು ಅಂತ ಪತ್ರದಲ್ಲಿ ಹೇಳಿದ್ದೀರಿ. ಆ ಪುಸ್ತಕಗಳೆಂದರೆ ನನಗೂ ಪ್ರಾಣ. ಅದಕ್ಕೇ ಮುಲಾಜಿಲ್ಲದೆ ಹೇಳುತ್ತಿದ್ದೇನೆ: ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ.

ಮೊದಲೆರಡು ಅಧ್ಯಾಯದ ದ್ವೀಪ, ಹಡಗು, ಒಂಟಿಗಾಲಿನ ಕಳ್ಳ ಎಲ್ಲವೂ ಸ್ಟೀವನ್‌ಸನ್ನರ 'ಟ್ರೆಷರ್ ಐಲೆಂಡ್'ನಿಂದ ಬಂದಿವೆ. ಸಾಮಾನೆಲ್ಲ ಬಂದಿದೆ, ಅವರು ಕೆಲಸ ಮಾಡಿದ ರೀತಿ ಬಂದಿಲ್ಲ. 1881ರಲ್ಲಿ ಸ್ಕಾಟ್ಲೆಂಡಿನಲ್ಲಿ ಅವರು ಮೊದಲು ಬರೆದಿದ್ದು ದ್ವೀಪದ ನಕ್ಷೆ. ಕಥೆ ಹುಟ್ಟಿದ್ದು ಆಮೇಲೆ. ಪುಸ್ತಕ ಅಚ್ಚಾಗುವ ಹೊತ್ತಿಗೆ ಆ ನಕ್ಷೆ ಕಳೆದುಹೋಯಿತು. ಆಗ ತಮ್ಮದೇ ಕಥೆಯನ್ನು ಮುಂದಿಟ್ಟುಕೊಂಡು, ಅದರಲ್ಲಿ ಬರುವ ಒಂದೊಂದು ಜಾಗವನ್ನೂ ಹುಡುಕಿ ಹೊಸ ನಕ್ಷೆ ಬರೆದರು. ನಿಮ್ಮ ಕಥೆಗೂ ಹಾಗೊಂದು ನಕ್ಷೆ ಬರೆಯಲು ಕೂತೆ. ಆಗಲಿಲ್ಲ. ಒಂದು ಪುಟದಲ್ಲಿ ಗುಹೆ ಸಮುದ್ರದ ದಡದಲ್ಲೇ ಇದೆ. ಮುಂದಿನ ಪುಟದಲ್ಲಿ ಅದೇ ಗುಹೆಗೆ ಎರಡು ದಿನದ ದಾರಿ.

ಮೂರನೇ ಅಧ್ಯಾಯದಲ್ಲಿ ನಾಯಕ ಊರಿಗೆ ಬಂದು, ನಿಧಿ ಹುಡುಕುತ್ತಾ ಮಾಗಡಿ ಹತ್ತಿರದ ಸಾವನದುರ್ಗ ಬೆಟ್ಟ ಹತ್ತುತ್ತಾನೆ. ಇಲ್ಲಿ ಬರಹಕ್ಕೆ ಜೀವ ಬಂತು. ಚಪ್ಪಲಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲ್ಬೆರಳಲ್ಲಿ ಬಂಡೆಯ ತರಿ ತಡಕುತ್ತಾ ಏರುತ್ತಾನಲ್ಲ, ಆ ಪುಟವನ್ನು ಉಸಿರು ಬಿಗಿಹಿಡಿದು ಓದಿದೆ. ಮಂಚನಬೆಲೆ ಜಲಾಶಯದ ನೀರು ಹೊಳೆಯುವುದು ಕಂಡು ದಿಕ್ಕು ಗುರುತಿಸುವುದೂ ಚೆನ್ನಾಗಿದೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಕಿತ್ತುಕೊಂಡ ಕೋಟೆ ಅದು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದು. ಇಂಥ ಜಾಗ ಇಷ್ಟು ಹತ್ತಿರ ಇರುವಾಗ ನೋಡದ ದ್ವೀಪದ ಗೊಡವೆ ಯಾಕೆ?

ಆದರೆ ಅಲ್ಲೂ ಒಂದು ಎಡವಟ್ಟಿದೆ. ಅಮಾವಾಸ್ಯೆಯ ರಾತ್ರಿ ಹೊರಟವನು ಮಾರನೇ ರಾತ್ರಿ ಬೆಳದಿಂಗಳಲ್ಲಿ ಶಾಸನ ಓದುತ್ತಾನೆ. ಪಾಡ್ಯದ ದಿನ ಬೆಳದಿಂಗಳು ಎಲ್ಲಿಂದ ಬರಬೇಕು? ರೈಡರ್ ಹ್ಯಾಗರ್ಡ್ ಕೂಡ 1885ರ 'ಕಿಂಗ್ ಸಾಲೊಮನ್ಸ್ ಮೈನ್ಸ್'ನಲ್ಲಿ ಹುಣ್ಣಿಮೆಯ ಬೆನ್ನಿಗೇ ಸೂರ್ಯಗ್ರಹಣ ತಂದಿದ್ದರು. ಆಮೇಲಿನ ಮುದ್ರಣಗಳಲ್ಲಿ ಅದು ಚಂದ್ರಗ್ರಹಣವಾಯಿತು. ಬರೆಯುವಾಗ ಮನೆಯ ಪಂಚಾಂಗ ಪಕ್ಕದಲ್ಲಿರಲಿ.

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ದಾರಿ ತೋರಿಸುವ ಇರುಳಿಗ ಬುಡಕಟ್ಟಿನ ಮುದುಕನಿಗೆ ನೀವು ಹೆಸರನ್ನೇ ಇಟ್ಟಿಲ್ಲ. 'ಬುದ್ಧೀ' ಅನ್ನುತ್ತಾನೆ, ಹೊರೆ ಹೊರುತ್ತಾನೆ, ಹಾವು ಕಚ್ಚಿ ಸಾಯುತ್ತಾನೆ. ಹಳೆಯ ಸಾಹಸ ಕಥೆಗಳಲ್ಲಿ ಇಂಥವರು ಬೇಕಾದಷ್ಟು ಜನ ಸಿಗುತ್ತಾರೆ, ನಿಜ. ಬಿಳಿಯರೇ ಮೇಲು ಅಂತ ನಂಬಿದ್ದ ಕಾಲದ ಬರಹ ಅದು. ಆದರೂ ಹ್ಯಾಗರ್ಡ್ ಕಥೆಯಲ್ಲಿ ಆಳಾಗಿ ಜೊತೆ ಸೇರುವ ಉಂಬೋಪಾ ಕೊನೆಗೆ ಆ ನಾಡಿನ ನಿಜವಾದ ರಾಜ ಅಂತ ಗೊತ್ತಾಗುತ್ತದೆ. ಇವತ್ತಿನ ಬೆಂಗಳೂರಿನಲ್ಲಿ ಕೂತು ಬರೆಯುವ ನೀವು ಮಾಗಡಿ ಸೀಮೆಯ ಮನುಷ್ಯನಿಗೆ ಅಷ್ಟೂ ಮರ್ಯಾದೆ ಕೊಡದಿದ್ದದ್ದು ನನಗೆ ತುಂಬಾ ಬೇಜಾರಾಯಿತು. ಆ ಬೆಟ್ಟದ ಸಂದುಗೊಂದು ಗೊತ್ತಿರುವವನು ಅವನೇ ಅಲ್ವಾ? ಅವನಿಗೆ ನಿಧಿ ಬೇಕೋ ಬೇಡವೋ ಅಂತ ನಾಯಕ ಒಮ್ಮೆಯಾದರೂ ಕೇಳಲಿ. ನನಗನ್ನಿಸುವಂತೆ ನಿಮ್ಮ ಕಥೆ ಇರುವುದು ಅವನ ಉತ್ತರದಲ್ಲೇ.

ಅಧ್ಯಾಯದ ತಲೆಗೊಂದು ಪದ್ಯ ಇಟ್ಟಿದ್ದೀರಿ. ಸ್ಟೀವನ್‌ಸನ್ ಹಡಗಿನವರ ಹಾಡಿನ ಕೆಲವೇ ಸಾಲು ಕೊಟ್ಟರು. ಅದು ಕಿವಿಗೆ ಬಿದ್ದರೆ ಸಾಕು, ಏನೋ ಕೇಡು ಕಾದಿದೆ ಅನ್ನಿಸುತ್ತದೆ. ನಿಮ್ಮದು ಎಂಟೆಂಟು ನುಡಿ. ಕಥೆಗೂ ಅದಕ್ಕೂ ನಂಟಿಲ್ಲ. 'ಘೋರಾಂಧಕಾರ', 'ದುರ್ಗಮಾರಣ್ಯ' ಎಲ್ಲ ಸುಮ್ನೆ ಭಾರ. ಕುವೆಂಪು ಬ್ರೌನಿಂಗನ ಪದ್ಯವನ್ನು ಕಿಂದರಿಜೋಗಿ ಮಾಡಿದಾಗ ಕಥೆಯನ್ನು ತುಂಗೆಯ ದಡಕ್ಕೆ ತಂದರು, ಇಲಿಗಳನ್ನು ಅಣ್ಣಿಲಿ ತಮ್ಮಿಲಿ ಅಂತ ಕರೆದರು. ಅದನ್ನೊಮ್ಮೆ ಗಟ್ಟಿಯಾಗಿ ಓದಿ, ಆಮೇಲೆ ನಿಮ್ಮದನ್ನು ಓದಿ. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಕತ್ತರಿ ಹಾಕಿ.

ಬೆಂಗಳೂರಿನಲ್ಲೇ ಬದುಕಿದ ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ತೇಜಸ್ವಿ 'ಕಾಡಿನ ಕಥೆಗಳು' ಅಂತ ಕನ್ನಡಕ್ಕೆ ತಂದಿದ್ದಾರೆ. ಓದಿಲ್ಲದಿದ್ದರೆ ಓದಿ. ನಿಮ್ಮ ಮೊದಲೆರಡು ಅಧ್ಯಾಯ ಬಿಟ್ಟುಬಿಡಿ. ಮೂರನೆಯದನ್ನೇ ಮೊದಲನೆಯದು ಮಾಡಿ, ಬೆಟ್ಟದ ನಕ್ಷೆಯ ಜೊತೆ ಮತ್ತೆ ಕಳಿಸಿ. ನಕ್ಷೆ ಪೆನ್ಸಿಲ್ಲಿನಲ್ಲಿ ಬರೆದದ್ದಾದರೂ ಪರವಾಗಿಲ್ಲ.

ಇಂತಿ,
ಸಂಪಾದಕ